ಬೋರ್ಡು ಅಣ್ಣನಿಗೆ, ರ‍್ಯಾಮು ತಮ್ಮನಿಗೆ

ಅಣ್ಣನ ಮನೆಯ ಮೆಟ್ಟಿಲು ಅರ್ಧ ಹತ್ತಿದವನು ಮತ್ತೆ ಕೆಳಗಿಳಿದು ಬಂದ. ಇದು ಮೂರನೇ ಸಲ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಹೊಲಿಗೆ ನಿಲ್ಲಿಸಿ ಕೂತಿದ್ದ ದರ್ಜಿ ಕನ್ನಡಕದ ಮೇಲಿಂದ ನೋಡಿದ.

"ಹೋಗಯ್ಯಾ ಮೇಲೆ. ನಿಮ್ಮಣ್ಣ ಇವತ್ತು ನಿನ್ನ ನೋಡಿ ಮುಖ ತಿರುಗಿಸಲ್ಲ."

ಬೇರೆ ದಿನವಾಗಿದ್ದರೆ ಚಿಕ್ಕವನು ತಕ್ಕ ಉತ್ತರ ಕೊಡುತ್ತಿದ್ದ. ಮಾತಿಗೆ ಮಾತು ಸೇರಿಸುವುದರಲ್ಲಿ ಆ ಬೀದಿಯಲ್ಲಿ ಅವನನ್ನು ಮೀರಿಸಿದವರಿರಲಿಲ್ಲ, ಅವನ ಅಣ್ಣನನ್ನು ಬಿಟ್ಟರೆ. ಇಬ್ಬರೂ ಹಳೇ ಕಂಪ್ಯೂಟರುಗಳ ರಿಪೇರಿಯವರು, ಎದುರುಬದುರು ಅಂಗಡಿ. ಬೀದಿಯವರಿಗೆ ಒಬ್ಬ ದೊಡ್ಡವನು, ಇನ್ನೊಬ್ಬ ಚಿಕ್ಕವನು. ಚಿಕ್ಕವನಿಗೂ ಐವತ್ತೆಂಟು ದಾಟಿತ್ತೆನ್ನಿ. ಹನ್ನೊಂದು ವರ್ಷದಿಂದ ಅವರಿಬ್ಬರ ನಡುವೆ ಮಾತಿರಲಿಲ್ಲ. ಇಂದು ಬೆಳಿಗ್ಗೆ ದೊಡ್ಡವನು ತೀರಿಕೊಂಡಿದ್ದ.

ಚಿಕ್ಕವನ ಕಾಲು ಹಿಡಿದು ನಿಲ್ಲಿಸಿದ್ದು ಆ ಹನ್ನೊಂದು ವರ್ಷವಲ್ಲ, ಹೋದ ವಾರದ ಒಂದು ಚೀಟಿ. ಟೈಪಿಂಗ್ ಶಾಲೆಯ ಟೀಚರಮ್ಮ ತಂದುಕೊಟ್ಟಿದ್ದರು. ಅವರ ಕಂಪ್ಯೂಟರಿಗೆ ಹೊಂದುವ ಮೆಮೊರಿ ಪಟ್ಟಿ, ರ‍್ಯಾಮ್ ಒಂದು ಬೇಕೆಂದು ಅಣ್ಣನ ಕಡೆಯಿಂದ ಬಂದ ಚೀಟಿ. ಸಾಮಾನು ಚಿಕ್ಕವನ ಡ್ರಾಯರಿನಲ್ಲೇ ಇತ್ತು. ಆದರೆ ಅಕ್ಷರ ಅಣ್ಣನದಾಗಿರಲಿಲ್ಲ. ನನಗೆ ಒಂದು ಸಾಲು ಬರೆಯುವುದಕ್ಕೂ ಇವನಿಗೆ ಇನ್ನೊಬ್ಬರು ಬೇಕಾಯಿತೇ ಎಂದು ಚಿಕ್ಕವನಿಗೆ ಪಿತ್ತ ನೆತ್ತಿಗೇರಿತು. ಚೀಟಿಯ ಹಿಂದೆ "ಇಲ್ಲ" ಎಂದು ಬರೆದು ಕಳಿಸಿಬಿಟ್ಟ. ಆ ಹೊತ್ತಿಗೆ ಅಣ್ಣನ ಅಂಗಡಿ ಬಾಗಿಲು ನಾಲ್ಕು ದಿನದಿಂದ ಮುಚ್ಚಿದ್ದು ಅವನಿಗೆ ಕಾಣದೇ ಇರಲಿಲ್ಲ. ಜ್ವರವಂತೆ ಎಂದು ಯಾರೋ ಹೇಳಿದ್ದರು. ಕೇಳಿ ಸುಮ್ಮನಾಗಿದ್ದ.

ಕೊನೆಗೆ ದರ್ಜಿಯೇ ಎದ್ದು ಬಂದು ಅವನ ರಟ್ಟೆ ಹಿಡಿದು ಮೇಲಕ್ಕೆ ಕರೆದೊಯ್ದ.

ನಡುಮನೆಯಲ್ಲಿ ಕುರ್ಚಿಗಳನ್ನು ಗೋಡೆಗೆ ಸರಿಸಿದ್ದರು. ಅಣ್ಣ ಮಲಗಿದ್ದ. ಅವನ ಬಲಗೈ ಹೆಬ್ಬೆರಳಿನ ಮೇಲೆ ಬೆಸುಗೆ ಕಡ್ಡಿ ತಾಗಿದ ಹಳೇ ಕಲೆ ಹಾಗೇ ಇತ್ತು. ಚಿಕ್ಕವನು ಅದನ್ನೇ ನೋಡುತ್ತ ನಿಂತ. ಮುಖ ನೋಡುವ ಧೈರ್ಯ ಬರಲಿಲ್ಲ.

"ಬಂದ್ಯಾ" ಎಂದಳು ಅತ್ತಿಗೆ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಮೂಲೆಯಲ್ಲಿ ಸೋದರಮಾವ ಕೂತಿದ್ದರು. ತೊಂಬತ್ತು ವರ್ಷ, ಕಿವಿ ಮಂದ, ಗಂಟಲು ಮಾತ್ರ ಗಟ್ಟಿ. ಪಕ್ಕದವರಿಗೆ ಹೇಳುತ್ತಿದ್ದರು: "ಇವರ ಅಂಗಡಿ ಪಾಲು ಮಾಡಿದ್ದು ನಾನೇ ಕಣ್ರೀ! ಇವತ್ತಿನವರೆಗೂ ಹೆಚ್ಚಾಯ್ತು ಕಮ್ಮಿಯಾಯ್ತು ಅಂತ ಒಂದು ಮಾತು ಬಂದಿಲ್ಲ. ಹಾಗೆ ಮಾಡಿದ್ದೆ!"

"ಮಾತೇ ಇರಲಿಲ್ಲವಲ್ಲ ಮಾವ, ಎಲ್ಲಿಂದ ಬರುತ್ತೆ" ಎಂದ ದರ್ಜಿ. ಅವರಿಗೆ ಕೇಳಿಸಲಿಲ್ಲ.

*

ಹನ್ನೊಂದು ವರ್ಷದ ಹಿಂದೆ ಅಂಗಡಿ ಒಂದೇ ಇತ್ತು. ಒಬ್ಬ ಮುದುಕರು ತಮ್ಮ ಹಳೇ ಕಂಪ್ಯೂಟರನ್ನು ಎದೆಗವಚಿಕೊಂಡು ಬಂದಿದ್ದರು. ಚಿಕ್ಕವನು ಮುಚ್ಚಳ ತೆಗೆದು ನೋಡಿ, "ಇದನ್ನ ಎಸೆದು ಹೊಸದು ತಗೊಳ್ಳಿ ಯಜಮಾನ್ರೇ" ಎಂದ. ಮುದುಕರು ಅದನ್ನು ಮತ್ತೆ ಎದೆಗವಚಿಕೊಂಡು ಹೊರಟುಹೋದರು.

ಅಣ್ಣ ಕೈಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. "ಎಸೀರಿ ಅನ್ನೋಕೆ ಇವರಿಗೆ ನೀನು ಬೇಕಾ? ಅದನ್ನ ಮನೇಲಿ ಮೊಮ್ಮಕ್ಕಳೇ ಹೇಳಿರ್ತಾರೆ. ಎಸೆಯೋಕೆ ಮನಸ್ಸಿಲ್ಲದೇ ನಮ್ಮ ಹತ್ರ ಬಂದಿದ್ದು."

"ನಿನ್ನ ಹಾಗೆ ಗುಜರಿ ತಬ್ಬಿಕೊಂಡು ಕೂತ್ಕೊಳ್ಳೋಕೆ ನನಗಾಗಲ್ಲ."

"ಹಾಗಾದ್ರೆ ನಿನ್ನ ದಾರಿ ನಿನಗೆ."

ಪಾಲು ಮಾಡಲು ಸೋದರಮಾವ ಬಂದರು. ಜೀವಮಾನವೆಲ್ಲ ಬಟ್ಟೆ ಅಳೆದವರು. ಅಂಗಡಿಯಲ್ಲಿ ಎರಡು ಕಪಾಟಿದ್ದವು. "ಆಯ್ತಲ್ಲ, ಒಬ್ಬೊಬ್ಬನಿಗೆ ಒಂದೊಂದು" ಎಂದರು. ಒಂದರಲ್ಲಿ ಪೂರ್ತಿ ಮದರ್‌ಬೋರ್ಡುಗಳು, ಇನ್ನೊಂದರಲ್ಲಿ ಪೂರ್ತಿ ರ‍್ಯಾಮ್. ಒಂದಿಲ್ಲದೆ ಒಂದು ನಡೆಯುವುದಿಲ್ಲ. ಒಲೆ ನಿನಗೆ, ಪಾತ್ರೆ ಅವನಿಗೆ ಎಂದ ಹಾಗಾಯಿತು. ಇಬ್ಬರಿಗೂ ಅದು ಚೆನ್ನಾಗಿ ಗೊತ್ತಿತ್ತು. ಮೊದಲು ಬಾಯಿಬಿಟ್ಟವನು ಸೋತ ಹಾಗೆ ಎಂದು ಇಬ್ಬರೂ ತುಟಿ ಬಿಗಿದುಕೊಂಡು ತಂತಮ್ಮ ಕಪಾಟು ಹೊತ್ತುಕೊಂಡರು.

ಅಲ್ಲಿಂದ ಶುರುವಾದದ್ದು ಚೀಟಿ ವ್ಯವಹಾರ. ಅಣ್ಣನ ಬಳಿ ರಿಪೇರಿಗೆ ಬಂದವರು ಚೀಟಿ ಹಿಡಿದು ರಸ್ತೆ ದಾಟುತ್ತಿದ್ದರು, ತಮ್ಮನ ಬಳಿ ಬಂದವರು ಈಚೆಯಿಂದ ಆಚೆಗೆ. ಹಳೇ ಬೋರ್ಡಿಗೆ ಹಳೇ ರ‍್ಯಾಮೇ ಬೇಕು. ರ‍್ಯಾಮಿನ ಅಂಚಿನಲ್ಲೊಂದು ಕಚ್ಚು ಇರುತ್ತದೆ, ಅದು ಕಾಳಿನಷ್ಟು ಅತ್ತಿತ್ತಾದರೂ ಬೋರ್ಡಿನಲ್ಲಿ ಕೂರುವುದಿಲ್ಲ. ಚೀಟಿಯಲ್ಲಿ ನಂಬರು ಮಾತ್ರ ಇರುತ್ತಿತ್ತು, ಹೆಸರಿಲ್ಲ, ಕ್ಷೇಮವಿಲ್ಲ. ಆದರೂ ಅಣ್ಣನ ದುಂಡು ಅಕ್ಷರ ಕಾಣದ ವಾರ ಚಿಕ್ಕವನಿಗೆ ಏನೋ ಕಳೆದುಕೊಂಡ ಹಾಗಾಗುತ್ತಿತ್ತು.

*

ಮಧ್ಯಾಹ್ನ ಎಲ್ಲ ಮುಗಿಯಿತು. ಚಿಕ್ಕವನು ಹೆಗಲು ಕೊಟ್ಟ. ಸ್ಮಶಾನದಿಂದ ಬಂದವರು ಒಬ್ಬೊಬ್ಬರಾಗಿ ಹೊರಟರು. ಟೀಚರಮ್ಮ ಮಾತ್ರ ಬಾಗಿಲ ಬಳಿ ನಿಂತೇ ಇದ್ದರು.

"ಇವತ್ತು ಕೇಳಬಾರದು, ಗೊತ್ತು" ಎಂದರು ಅತ್ತಿಗೆಯ ಕೈ ಹಿಡಿದು. "ನಾಳೆ ಎಂಟು ಹುಡುಗಿಯರಿಗೆ ಪರೀಕ್ಷೆ ಇದೆ. ಅಭ್ಯಾಸ ಮಾಡಿದ್ದೆಲ್ಲ ಆ ಕಂಪ್ಯೂಟರಲ್ಲೇ."

ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡು, ಗೂಟದಿಂದ ಅಂಗಡಿ ಬೀಗದ ಕೈ ತೆಗೆದಳು. "ಬಾ, ನೋಡೋಣ" ಎಂದು ಮೈದುನನ ಮುಂದೆ ಇಳಿದುಹೋದಳು.

ಬೆಂಚಿನ ಮೇಲೆ ಟೀಚರಮ್ಮನ ಕಂಪ್ಯೂಟರು ಬಿಚ್ಚಿಟ್ಟಂತೆಯೇ ಇತ್ತು. ಅಣ್ಣ ಅದಕ್ಕೆ ಬೇರೆ ಬೋರ್ಡು ಕೂರಿಸಿ, ತಂತಿಗಳನ್ನೆಲ್ಲ ದಾರದಲ್ಲಿ ಕಟ್ಟಿ, ರ‍್ಯಾಮಿನ ಜಾಗವೊಂದನ್ನೇ ಖಾಲಿ ಬಿಟ್ಟಿದ್ದ. ಚಿಕ್ಕವನು ತಲೆಯೆತ್ತಿ ಗೋಡೆ ನೋಡಿದ. ನೆಲದಿಂದ ಸೂರಿನವರೆಗೆ ಹಲಗೆ, ಹಲಗೆಯ ತುಂಬ ಬೋರ್ಡು. ಒಂದೊಂದನ್ನೇ ತೆಗೆದು ನೋಡುತ್ತ ಹೋದ. ಎಲ್ಲವೂ ಹಳೇ ಜಾತಿಯವೇ, ಪಾಲಿನ ಕಪಾಟಿನಲ್ಲಿ ಇದ್ದದ್ದಕ್ಕಿಂತ ಎಷ್ಟೋ ಪಟ್ಟು.

"ಇದೇನು ಅತ್ತಿಗೆ, ಇಷ್ಟನ್ನೂ ಪಾಲಾದ ಮೇಲೆ ತಗೊಂಡಿದ್ದಾನೆ! ಇವಕ್ಕಿಂತ ಹೊಸಾವು ಈಗ ರಾಶಿ ರಾಶಿ ಸಿಗುತ್ತವೆ. ಅವಕ್ಕೆ ರ‍್ಯಾಮ್ ಯಾವ ಅಂಗಡೀಲಾದ್ರೂ ಸಿಗುತ್ತೆ. ಯಾರ ಹಂಗೂ ಇರ್ತಿರಲಿಲ್ಲ."

"ಗುಜರಿಯವನು ಮೂಟೆಗಟ್ಟಲೆ ತಂದು ಸುರೀತಿದ್ದ. ಎಲ್ಲಾ ವಾಪಸ್ಸು. 'ಇದಕ್ಕೆ ಹೊಂದೋದು ನನ್ನ ತಮ್ಮನ ಹತ್ರ ಇರಲ್ಲ, ಬೇಡ' ಅಂತಿದ್ರು."

ಚಿಕ್ಕವನು ಕೈಲಿದ್ದ ಬೋರ್ಡನ್ನು ಮೆಲ್ಲಗೆ ಹಲಗೆಯ ಮೇಲಿಟ್ಟ. ಅಣ್ಣನದು ಬರೀ ಹಠ ಎಂದು ಇಷ್ಟು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದವನು ಅವನೇ.

"ಹೋದ ವಾರದ ಚೀಟಿ..." ಎಂದ.

"ನಾನೇ ಬರೆದಿದ್ದು. ಅವರ ಕೈ ನಡುಗ್ತಿತ್ತು. ನಂಬರು ಎರಡೆರಡು ಸಲ ಹೇಳಿ ಬರೆಸಿದ್ರು, ನಿನಗೆ ತಪ್ಪಾಗಬಾರದು ಅಂತ."

"ನಾನು ಇಲ್ಲ ಅಂದದ್ದಕ್ಕೆ ಏನಂದ?"

"'ಅವನ ಹತ್ರ ಇಲ್ಲ ಅಂದ್ರೆ ಇನ್ನೆಲ್ಲೂ ಇಲ್ಲ ಬಿಡು' ಅಂದ್ರು. ಗೋಡೆ ಕಡೆ ತಿರುಗಿ ಮಲಗಿದ್ರು."

ಅವನು ಬೆಂಚು ಹಿಡಿದು ನಿಂತ. ಬಿಕ್ಕಿ ಬಿಕ್ಕಿ ಅತ್ತ. "ಇತ್ತು ಅತ್ತಿಗೆ. ಡ್ರಾಯರಲ್ಲೇ ಇತ್ತು" ಎಂದ. ಅತ್ತಿಗೆ ಬೆಂಚಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು.

"ತಗೊಂಡು ಬಾ ಹಾಗಾದ್ರೆ" ಎಂದಳು ಆಮೇಲೆ.

ರಸ್ತೆ ದಾಟಿ ಹೋಗಿ ತಂದ. ಕಚ್ಚಿಗೆ ಕಚ್ಚು ಸೇರಿಸಿ ಒತ್ತಿದಾಗ ಎರಡೂ ಬದಿಯ ಚಿಲಕ ಕೂತವು. ಗುಂಡಿ ಒತ್ತಿದ. ಫ್ಯಾನು ತಿರುಗಿತು, ಪರದೆ ಬೆಳಗಿತು, ಅಕ್ಷರ ಮೂಡಿ ನಿಂತುಬಿಟ್ಟಿತು.

"ಏನಂತೆ?" ಎಂದಳು ಅತ್ತಿಗೆ.

"ಒಳಗಿನ ಬ್ಯಾಟರಿ ಹೋಗಿದೆ. ತಾರೀಖು ಮರೆತಿದೆ. ತಾನು ತಯಾರಾದ ವರ್ಷದಲ್ಲೇ ಇದ್ದೀನಿ ಅಂದುಕೊಂಡಿದೆ. ಇವತ್ತಿಗೆ ತರಬೇಕು, ಒಂದು ಸಲ ಒತ್ತಿದರೆ ಒಂದು ವರ್ಷ."

ಪರದೆಯ ಮೇಲಿದ್ದದ್ದು ಅವರಿಬ್ಬರೂ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ವರ್ಷ. ಅವನು ಒತ್ತುತ್ತ ಹೋದ. ಐದಾರು ವರ್ಷ ಸರಸರನೆ ಸರಿದವು. ಅಂಗಡಿ ಪಾಲಾದ ವರ್ಷ ಬಂತು. ಬೆರಳು ಅಲ್ಲೇ ನಿಂತಿತು.

ಅತ್ತಿಗೆ ಪಕ್ಕಕ್ಕೆ ಬಂದು ಪರದೆ ನೋಡಿದಳು. ಅವಳಿಗೂ ಆ ವರ್ಷದ ಗುರುತು ಹತ್ತಿತು.

"ಒತ್ತಪ್ಪಾ" ಎಂದಳು. "ಇನ್ನೂ ಹನ್ನೊಂದಿದೆ."