ಮೇಜಿನ ಮೇಲೆ ಎರಡು ಡಬ್ಬ

ಭುಜದ ಆಪರೇಷನ್ ಆದ ಮೇಲೆ ನನ್ನ ದೊಡ್ಡ ಕೋವಿ ನನಗೆ ಆಗಿಬರಲಿಲ್ಲ. ಒಂದು ಗುಂಡು ಹಾರಿಸಿದರೆ ಎರಡು ದಿನ ತಲೆ ಬಾಚಿಕೊಳ್ಳಲು ಕೈ ಮೇಲೇಳುತ್ತಿರಲಿಲ್ಲ. ಹಾಗಂತ ಜಿಂಕೆ ಬೇಟೆ ಶುರುವಾಗುವ ಸೋಮವಾರ ಒಲೆ ಮುಂದೆ ಕೂತು ಗಂಡಸರಿಗೆ ಕಾಫಿ ಕಾಸುವ ಜಾತಿ ನನ್ನದಲ್ಲ. ಪಾಟರ್ ಕೌಂಟಿಯ ಆ ಗುಡ್ಡದಲ್ಲಿ ಮದುವೆಯಾದ ವರ್ಷದಿಂದ ಜಿಂಕೆಗೆ ಕಾದು ಕೂರಲು ನನಗೂ ಒಂದು ಮರದ ಬುಡವಿದೆ.

ನನ್ನ ಕಷ್ಟ ನೋಡಿ ಮಾವ ಎಲ್‌ವುಡ್ ತಮ್ಮ ಹಳೆಯ ಟೂ-ಫಿಫ್ಟಿಯನ್ನು ತಂದು ನನ್ನ ಕೈಗಿಟ್ಟರು. ಸಣ್ಣ ಗುಂಡಿನ ಕೋವಿ, ಹಗುರ, ಒದೆತವೇ ಇಲ್ಲವೆನ್ನಬಹುದು. ನನ್ನ ಗಂಡನ ಚಿಕ್ಕಪ್ಪನ ಮಗ ಡೆಲ್ಮರ್ ಅದನ್ನು ನೋಡಿ ಹಲ್ಲು ಕಿರಿದ.

"ಅತ್ತಿಗೆ, ಜಿಂಕೆಗೆ ಕಚಗುಳಿ ಇಡೋಕೆ ಹೊರಟ್ರಾ?"

"ನಿನ್ನ ಫಿರಂಗಿಯಿಂದ ಹೋದ ವರ್ಷ ಎಷ್ಟು ಜಿಂಕೆ ಬಿತ್ತಪ್ಪಾ?" ಅಂದರು ಮಾವ. "ಮರಗಳನ್ನ ಬಿಟ್ಟು ಹೇಳು."

ಆ ಕೋವಿಗೆ ಯಾವ ಗುಂಡು ಹೊಂದುತ್ತದೆ ಎಂದು ಅವರು ಬೇಸಿಗೆಯೆಲ್ಲ ಪರೀಕ್ಷೆ ಮಾಡಿದ್ದರು. ಹಳೆಯ ನಳಿಗೆ, ಗುಂಡನ್ನು ತಿರುಗಿಸುವ ಒಳಗಿನ ಗೀರುಗಳ ತಿರುವು ನಿಧಾನ. ಭಾರದ ಗುಂಡು ಹಾಕಿದರೆ ಹೊರಳಾಡುತ್ತಾ ಹೋಗಿ ಗುರಿಯ ಕಾಗದಕ್ಕೆ ಅಡ್ಡಡ್ಡ ಬೀಳುತ್ತಿತ್ತು. ತೀರ ಹಗುರದ್ದು ಮೂಳೆಗೆ ತಾಗಿದರೆ ಪುಡಿಯಾದೀತು. ನಡುವಿನದೊಂದನ್ನು ಆರಿಸಿ, ಬಳಸಿದ ಹಿತ್ತಾಳೆ ಚಿಪ್ಪುಗಳನ್ನು ತಿಕ್ಕಿ, ಬಾಯಿ ಸಮ ಮಾಡಿ, ಮದ್ದು ತೂಗಿ ತುಂಬುತ್ತಿದ್ದರು. ಅಂಗಡಿ ತೋಟೆಯೆಂದರೆ ಅವರಿಗೆ ಡಬ್ಬಿಯ ಸಾರು ಇದ್ದಂತೆ. ಹೊಟ್ಟೆ ತುಂಬುತ್ತದೆ, ಅಷ್ಟೇ.

ಅವರ ಕಟ್ಟಪ್ಪಣೆ ಒಂದೇ. ಮೇಜಿನ ಮೇಲೆ ಮದ್ದಿನ ಡಬ್ಬ ಒಂದೇ ಇರಬೇಕು. ಒಂದನ್ನು ಮುಚ್ಚಿ ಕಪಾಟಿಗಿಟ್ಟ ಮೇಲೆಯೇ ಇನ್ನೊಂದು ಹೊರಗೆ ಬರಬೇಕು. ನನ್ನ ಗಂಡ ಕ್ಲೇಟನ್ ಎಳೆಯವನಿದ್ದಾಗ ಇದನ್ನು ಮೀರಿ ಬೆನ್ನಿಗೆ ಬಾರಿಸಿಕೊಂಡಿದ್ದನಂತೆ. ಈಗಲೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ.

ಬೇಟೆಗೆ ಎರಡು ದಿನ ಮೊದಲು ಬೇಟೆಮನೆಯ ಹಿಂದಿನ ಚಾವಡಿಗೆ ಮಾವನಿಗೆ ಊಟ ಕೊಡಲು ಹೋದೆ. ಉಳಿದವರ ತೋಟೆಗಳನ್ನು ಮೊದಲೇ ತುಂಬಿ ಮುಗಿಸಿದ್ದರು, ಆ ದಿನ ನನ್ನ ಟೂ-ಫಿಫ್ಟಿಯದಷ್ಟೇ ಬಾಕಿಯಿತ್ತು. ಮೇಜಿನ ಮೇಲೆ ಎರಡು ಡಬ್ಬ, ಎರಡರ ಮುಚ್ಚಳವೂ ತೆರೆದಿತ್ತು. ಒಂದು ರೈಫಲ್ ಮದ್ದು, ಇನ್ನೊಂದು ಅವರ ಪಿಸ್ತೂಲಿನದು. ಪಿಸ್ತೂಲಿನ ಮದ್ದು ಒಮ್ಮೆಗೇ ಭಗ್ಗೆನ್ನುವಂಥದ್ದು. ಅದನ್ನು ರೈಫಲ್ ತೋಟೆಗೆ ತುಂಬಿದರೆ ಕೋವಿಯ ಹಿಂಭಾಗ ಸಿಡಿದು ಹೊಡೆಯುವವನ ಮುಖಕ್ಕೇ ಬರುತ್ತದೆ.

"ಮಾವ, ಎರಡು ಡಬ್ಬ ಇದೆಯಲ್ಲ?"

ಅವರು ಕನ್ನಡಕ ಹಣೆಗೇರಿಸಿ ಮೇಜನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಈಗ ತಾನೇ ತೆಗೆದಿಟ್ಟೆ ಕಣಮ್ಮ. ತುಂಬಿದ್ದೆಲ್ಲ ಆಯ್ತು," ಅಂದು ಅಳತೆಗೊಳವೆಯಲ್ಲಿ ಉಳಿದ ಮದ್ದನ್ನು ಸುರಿದರು. ಯಾವ ಡಬ್ಬಕ್ಕೆ ಸುರಿದರೋ, ಅವರ ಬೆನ್ನು ಅಡ್ಡವಾಗಿ ನನಗೆ ಕಾಣಲಿಲ್ಲ. ಈಗೀಗ ಅವರು ಕಾಫಿಗೆ ಎರಡು ಸಲ ಸಕ್ಕರೆ ಹಾಕಿಕೊಳ್ಳುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು.

ಕ್ಲೇಟನ್‌ಗೆ ಹೇಳಿದರೆ ಉರಿದುಬಿದ್ದ.

"ನಲವತ್ತು ವರ್ಷದಿಂದ ನಮ್ಮಪ್ಪ ತುಂಬಿದ್ದೇ ಹೊಡೀತಾ ಇದೀವಿ. ನೀನು ಈಗ ಅವನಿಗೆ ಪಾಠ ಹೇಳ್ತೀಯ?"

"ಪಾಠ ಅಲ್ಲ ಕಣೋ. ಕಣ್ಣಾರೆ ಕಂಡೆ ಅಂತಿದೀನಿ."

"ಕಂಡಿದ್ದನ್ನ ನುಂಗ್ಕೋ. ಅವನ ಮುಂದೆ ಮಾತ್ರ ಎತ್ತಬೇಡ."

ನಮ್ಮ ಬೇಟೆಮನೆಯಲ್ಲಿ ಭಾನುವಾರ ಸಂಜೆ ಊಟದ ನಂತರ ಮಾವ ತಾವು ತುಂಬಿದ ತೋಟೆಗಳನ್ನು ಒಬ್ಬೊಬ್ಬರ ತಟ್ಟೆಯ ಪಕ್ಕ ಇಡುವುದು ವಾಡಿಕೆ. ಯಾರೂ ಬೇಡವೆನ್ನುವುದಿಲ್ಲ. ನನ್ನ ಪಾಲು ಬಂದಾಗ ನಾನು ಜೇಬಿನಿಂದ ಅಂಗಡಿ ತೋಟೆಯ ಪೆಟ್ಟಿಗೆ ತೆಗೆದು ಪಕ್ಕಕ್ಕಿಟ್ಟೆ. "ಈ ಸಲ ಇದನ್ನ ಹಾಕ್ಕೋತೀನಿ ಮಾವ," ಅಂದೆ.

ಡೆಲ್ಮರ್ ಬಾಯಿಗೆ ಇಟ್ಟ ಸಾಸೇಜನ್ನು ಅಗಿಯುವುದನ್ನೇ ನಿಲ್ಲಿಸಿದ. ಮಾವ ತಮ್ಮ ತೋಟೆಗಳನ್ನು ಮೆಲ್ಲಗೆ ಬಾಚಿಕೊಂಡರು. ಆ ಮುಖ ನೋಡಿ ನನಗೆ ಅಳು ಬಂತು, ಆದರೂ ಮಾತು ಹಿಂತೆಗೆದುಕೊಳ್ಳಲಿಲ್ಲ. ಕ್ಲೇಟನ್ ಎದ್ದು ಅಪ್ಪನ ಕೈಯಿಂದ ನಾಲ್ಕು ತೋಟೆ ಕಿತ್ತುಕೊಂಡು ಹೊರಗೆ ಹೋದ.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವನು ಹೊರಟುಹೋಗಿದ್ದ. ನನ್ನ ಮಂಚದ ಪಕ್ಕ ಟೂ-ಫಿಫ್ಟಿ ಇರಲಿಲ್ಲ. ಅದರ ಜಾಗದಲ್ಲಿ ಅವನ ದೊಡ್ಡ ಕೋವಿ ಒರಗಿತ್ತು. ಅಂಗಡಿ ಪೆಟ್ಟಿಗೆಯನ್ನು ಮುಟ್ಟಿರಲಿಲ್ಲ. ನನಗೆ ಬುದ್ಧಿ ಕಲಿಸಲು ಅಪ್ಪನ ತೋಟೆಗಳನ್ನೇ ಒಯ್ದಿದ್ದ.

ಮಾವನ ಮಂಡಿ ಕೆಟ್ಟಿದ್ದರಿಂದ ಅವರು ಆ ವರ್ಷ ಮನೆಯಲ್ಲೇ ಉಳಿದಿದ್ದರು. ನಾನು ಹೋಗಿ ಅವರೆದುರು ನಿಂತೆ.

"ಕ್ಲೇಟನ್ ನಿಮ್ಮ ತೋಟೆ ತಗೊಂಡು ಹೋಗಿದಾನೆ. ಉಳಿದಿರೋದ್ರಲ್ಲಿ ಒಂದನ್ನ ಬಿಚ್ಚಿ ತೋರಿಸಿ."

"ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವೇನಮ್ಮಾ?"

"ಇವತ್ತು ಇಲ್ಲ ಮಾವ. ಬಿಚ್ಚಿ."

ಅವರು ಒಂದನ್ನು ಸುತ್ತಿಗೆಯಂಥ ಸಲಕರಣೆಗೆ ಸಿಕ್ಕಿಸಿ ಕಲ್ಲಿಗೆ ಬಡಿದರು. ಗುಂಡು ಕಳಚಿತು. ಮದ್ದು ತಟ್ಟೆಗೆ ಬಿತ್ತು. ಪುಟ್ಟ ಕಡ್ಡಿಗಳು, ರೈಫಲಿನದೇ. ಅವರ ಮುಖ ಅರಳಿತು.

"ಸಮಾಧಾನ ಆಯ್ತಾ?"

"ಇನ್ನೊಂದು."

ಇನ್ನೊಂದನ್ನು ಬಡಿದರು. ಈ ಸಲ ತಟ್ಟೆಗೆ ಬಿದ್ದದ್ದು ಚಪ್ಪಟೆ ಚೂರುಗಳು, ಪಿಸ್ತೂಲಿನ ಮದ್ದು. ಅವರಿಗೆ ಕಾಣಿಸಿತೋ ಇಲ್ಲವೋ, ಬೆರಳಲ್ಲಿ ತಿಕ್ಕಿ ನೋಡಿದರು. ಮತ್ತೆ ತಿಕ್ಕಿದರು. ತುಂಬುತ್ತಾ ತುಂಬುತ್ತಾ ನಡುವೆ ಡಬ್ಬ ಬದಲಾಗಿತ್ತು. ಮೊದಲು ತುಂಬಿದ್ದು ಸರಿ, ಆಮೇಲಿನದು ಸಾವು. ಹೊರಗಿಂದ ನೋಡಿದರೆ ಎಲ್ಲ ಒಂದೇ ತರ ಹೊಳೆಯುತ್ತಿದ್ದವು.

ಆ ಚೂರುಗಳನ್ನು ಕರವಸ್ತ್ರದಲ್ಲಿ ಕಟ್ಟಿ ಜೇಬಿಗೆ ಹಾಕಿಕೊಂಡು, "ಬೂಟು ಕೊಡು," ಅಂದರು.

"ನಿಮ್ಮ ಮಂಡಿ—"

"ನೀನು ಹೇಳಿದ್ರೆ ಅವನು ಕೇಳಲ್ಲ. ಬೂಟು ಕೊಡು."

ಹಿಮದಲ್ಲಿ ಅವರ ತೋಳು ಹಿಡಿದು, ಕ್ಲೇಟನ್ ಕಾದು ಕೂರುವ ಜಾಗದ ಕಡೆಗೆ ಗುಡ್ಡ ಹತ್ತಿಸಿದೆ. ಕಣಿವೆಯಲ್ಲಿ ಅಲ್ಲೊಂದು ಇಲ್ಲೊಂದು ಈಡು ಕೇಳುತ್ತಿತ್ತು. ಪ್ರತಿ ಈಡಿಗೂ ಮಾವ ನಿಂತು ಕಿವಿಗೊಟ್ಟು, "ಅದಲ್ಲ," ಅನ್ನುತ್ತಿದ್ದರು. ಅರ್ಧ ದಾರಿಯಲ್ಲಿ ಮೇಲುಗಡೆಯಿಂದ ಒಂದು ಸಣ್ಣ, ಚುರುಕಾದ ಸದ್ದು ಬಂತು. ಮಾವ ಈ ಸಲ ಏನೂ ಹೇಳಲಿಲ್ಲ. ನಾನು ಅವರ ತೋಳು ಬಿಟ್ಟು ಓಡಿದೆ. ಗಂಡನ ಹೆಸರು ಕೂಗಿದೆನೋ, ದೇವರನ್ನೇ ಕರೆದೆನೋ ಗೊತ್ತಿಲ್ಲ.

ಕ್ಲೇಟನ್ ಬಿದ್ದ ಜಿಂಕೆಯ ಪಕ್ಕ ಮಂಡಿಯೂರಿ ಕೂತಿದ್ದ. ಮುಖ ಇದ್ದ ಹಾಗೇ ಇತ್ತು. ಕಣ್ಣು ಎರಡೂ ಇದ್ದವು. ನನ್ನನ್ನು ಕಂಡು ನಕ್ಕ.

"ಬಂದ್ಯಾ? ನೋಡು. ಒಂದೇ ಈಡು, ನಿಂತಲ್ಲೇ ಬಿತ್ತು. ಅಪ್ಪನ ತೋಟೆ! ಈಗ ಹೋಗಿ ಅವನ ಕಾಲಿಗೆ ಬೀಳು."

ಮಾವ ಏದುಸಿರು ಬಿಡುತ್ತಾ ಬಂದರು. ಮಗ ಎದ್ದು ಅವರ ಬೆನ್ನು ತಟ್ಟಿದ. "ಅಪ್ಪಾ, ನಿನ್ನ ಕೈಗೆ ಇನ್ನೂ ವಯಸ್ಸಾಗಿಲ್ಲ ಬಿಡು!" ಅಂದ.

ಆಗ ಮಾವ ಸುಮ್ಮನಿದ್ದು, ಉಳಿದ ಮೂರನ್ನು ಏನೋ ನೆಪ ಹೇಳಿ ಈಸಿಕೊಂಡಿದ್ದರೆ ಆಗುತ್ತಿತ್ತು. ಸುಳ್ಳಿ ಅನ್ನಿಸಿಕೊಳ್ಳಲು ನಾನೂ ಸಿದ್ಧಳಾಗಿದ್ದೆ. ಅವರು ಕರವಸ್ತ್ರ ಬಿಚ್ಚಿ ಅಂಗೈ ಚಾಚಿದರು.

"ಇದು ಪಿಸ್ತೂಲಿನ ಮದ್ದು. ನಾನೇ ತುಂಬಿದ್ದು. ಕೋವಿ ಖಾಲಿ ಮಾಡು."

ಕ್ಲೇಟನ್ ಅದನ್ನು ನೋಡಿ ನನ್ನತ್ತ ತಿರುಗಿದ. ಕೆನ್ನೆ ಕೆಂಪಾಗಿತ್ತು.

"ಇವಳು ನಿನ್ನ ತಲೆ ಕೆಡಿಸಿದಾಳೆ. ನಿನ್ನ ಕೈಯಿಂದ ಅಂಥ ತಪ್ಪು ಆಗಲ್ಲ." ಕೋವಿ ಎತ್ತಿ ಹೊಸ ತೋಟೆಯನ್ನು ಒಳಗೆ ತಳ್ಳಿದ. "ಆ ಮೋಟುಮರ ನೋಡು. ಈಗಲೇ ತೋರಿಸ್ತೀನಿ ಇಬ್ಬರಿಗೂ."

ಅವನನ್ನು ಹಿಡಿದೆಳೆದರೆ ಬೆರಳು ಎಲ್ಲಿ ಕೋವಿಯ ಕುದುರೆ ಒತ್ತಿಬಿಡುತ್ತದೋ ಎಂದು ಮುಟ್ಟಲೂ ಭಯ. ಅವನು ಕೆನ್ನೆಯನ್ನು ಕೋವಿಯ ಹಿಡಿಗೆ ಒತ್ತಿದ.

"ಕ್ಲೇಟನ್," ಅಂದರು ಮಾವ. ಗದರಲಿಲ್ಲ. "ನನ್ನ ತೋಟೆ ಅಲ್ವಾ ಅದು? ನಾನೇ ಹೊಡೀತೀನಿ. ಕೊಡು."

ಎರಡು ಕೈಯನ್ನೂ ಚಾಚಿ ನಿಂತರು. ಹುಡುಗಾಟವಿರಲಿಲ್ಲ. ಕೊಟ್ಟಿದ್ದರೆ ಖಂಡಿತ ಹೊಡೆಯುತ್ತಿದ್ದರು.

ಕ್ಲೇಟನ್ ಕೆನ್ನೆ ಎತ್ತಿದ. ಅಪ್ಪನ ಕಣ್ಣು, ಮೂಗಿನ ಮೇಲೆ ಜಾರಿದ ಕನ್ನಡಕ, ಚಾಚಿದ ಕೈ, ಎಲ್ಲವನ್ನೂ ನೋಡಿದ. ಕೋವಿಯನ್ನು ಎದೆಗೆ ಅವಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ.

"ಕೊಡೋ. ನನ್ನ ಕೈಯಿಂದ ತಪ್ಪಾಗಲ್ಲ ಅಂದೆಯಲ್ಲ?"

ಮಗ ಕೊಡಲಿಲ್ಲ. ಇನ್ನೊಂದು ಹೆಜ್ಜೆ ಹಿಂದೆ ಹೋಗಿ, ನಮಗೆ ಬೆನ್ನು ತಿರುಗಿಸಿ, ಕೋವಿಯನ್ನು ತೆರೆದ. ತೋಟೆಗಳು ಒಂದೊಂದಾಗಿ ಹಿಮಕ್ಕೆ ಬಿದ್ದವು. ಅವನ ಹೆಗಲು ಅಲುಗುತ್ತಿತ್ತು. ಮಾವ ಚಾಚಿದ ಕೈಗಳನ್ನು ಇನ್ನೂ ಇಳಿಸಿರಲಿಲ್ಲ.