ಇಪ್ಪತ್ತರವರೆಗೆ

ಹೆರಿಗೆ ವಾರ್ಡಿನ ನಲ್ಲಿಯಲ್ಲಿ ಹನ್ನೊಂದು ದಿನ ನೀರು ಬರಲಿಲ್ಲ. ನಾಲ್ಕು ಹಸುಗೂಸುಗಳು ನಂಜಾಗಿ ಸತ್ತವು. ಆಯಾಳ ಕೈ ಕೊಳಕಾಗಿತ್ತು ಎಂದು ಬರೆದು ಆಸ್ಪತ್ರೆಯವರು ಅವಳನ್ನು ಹೊರಗೆ ಹಾಕಿದರು.

ಅದಾಗಿ ಆರು ವರ್ಷ. ಈಗ ಆ ಕೈಯನ್ನು ಮಗಳು ತೊಳೆಯುತ್ತಿದ್ದಳು. ಹಿಂಬಾಗಿಲ ಬಳಿ ಹಲಗೆಯ ಮೇಲೆ ಮಲಗಿಸಿದ್ದ ಅಮ್ಮನ ಬಲಗೈ ಎತ್ತಿ ಉಗುರಿನ ಸಂದಿ ನೋಡಿದಳು. ತೆಗೆಯಲು ಏನೂ ಇರಲಿಲ್ಲ. ತೊಳೆದೂ ತೊಳೆದೂ ಚರ್ಮ ಬಿರಿದು, ಬೆರಳ ಗೆಣ್ಣುಗಳು ಸುಲಿದುಹೋಗಿದ್ದವು.

“ಸಾಕು ಬಿಡೇ, ಎಷ್ಟು ಉಜ್ತೀಯಾ? ಇದ್ದಾಗ ಅವಳೇ ಉಜ್ಜಿ ಉಜ್ಜಿ ಸವೆಸಿಕೊಂಡ್ಲು,” ಎಂದಳು ಚಿಕ್ಕಮ್ಮ, ಚೊಂಬಿನಿಂದ ನೀರು ಹುಯ್ಯುತ್ತಾ.

ಹೊಸಿಲಾಚೆ ಕುಳಿತಿದ್ದ, ಆಸ್ಪತ್ರೆ ಗೇಟು ಕಾಯುವ ತಾತ ಮೂಗು ಒರೆಸಿಕೊಂಡ. “ಸೋಪಮ್ಮನ ಬಾಯಿಗೆ ಸಿಗದವರು ಯಾರಿದ್ದಾರೆ ಹೇಳಿ! ಮೊಮ್ಮಗನ್ನ ಎತ್ಕೊಳ್ಳೋಕೆ ಹೋದ್ರೆ, ‘ಸಿಗರೇಟಿನ ಕೈ ತೊಳ್ಕೊಂಡು ಬಾ ಮುದುಕಪ್ಪಾ’ ಅಂದ್ಲು. ಕೂಸು ನಮ್ಮನೇದೇ ಕಣಮ್ಮಾ ಅಂದೆ. ‘ಕೈಯೂ ನಿಂದೇ ತಾನೇ, ತೊಳಿ’ ಅಂದ್ಲು. ದೊಡ್ಡ ಡಾಕ್ಟರನ್ನೂ ಬಿಡ್ತಿರಲಿಲ್ಲ. ಸೋಪು ಹಚ್ಚಿ ಇಪ್ಪತ್ತು ಎಣಿಸದೆ ತೊಟ್ಟಿಲ ಹತ್ರ ಬಂದೀರಿ ಜೋಕೆ, ಅಂತ ಬಾಗಿಲಿಗೇ ಅಡ್ಡ ನಿಲ್ತಿದ್ಲು.”

ಚಿಕ್ಕಮ್ಮ ನಗಲು ಹೋಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಮಗಳು ನಗಲಿಲ್ಲ. ಒಳಗೆ ಬಚ್ಚಲಿನಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಒಂದು. ಎರಡು. ಮೂರು. ನಾಲ್ಕು. ಆಮೇಲೆ ನಿಂತಿತು. ಮತ್ತೆ ಒಂದು. ಬೆಳಗಿನಿಂದ ಮೂರು ಸಲ ಹೋಗಿ ಬಿಗಿಯಾಗಿ ತಿರುಗಿಸಿ ಬಂದಿದ್ದಳು.

*

ಆರು ವರ್ಷ ಅಮ್ಮ ಹಾಗೆಯೇ ಎಣಿಸಿದ್ದಳು. ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದು ಬಚ್ಚಲಿಗೆ ಹೋದರೆ ನೊರೆಯೊಳಗಿಂದ ಬಂದಂತೆ ದನಿ ಕೇಳುತ್ತಿತ್ತು: ಒಂದು, ಎರಡು, ಮೂರು, ನಾಲ್ಕು. ಊರಿಗೆಲ್ಲ ಇಪ್ಪತ್ತು ಕಲಿಸಿದವಳಿಗೆ ಐದು ಬಾಯಿಗೆ ಬರುತ್ತಿರಲಿಲ್ಲ. ಮತ್ತೆ ಒಂದರಿಂದ.

ಹೋದ ವಾರ ಮಗಳು ತಡೆಯಲಾರದೆ ನಲ್ಲಿ ನಿಲ್ಲಿಸಿಬಿಟ್ಟಳು. “ನಿನ್ನ ಕೈಯಲ್ಲಿ ಏನೂ ಇಲ್ಲಮ್ಮಾ! ನೀರು ಬಿಡದೆ ಇದ್ದವರು ಅವರು. ಕೆಳಗಿಂದ ಮೂರು ಮಹಡಿ ಬಕೆಟ್ ಹೊತ್ತು ಸೊಂಟ ಮುರ್ಕೊಂಡವಳು ನೀನು.”

“ಆ ನೀರು ಮಧ್ಯಾಹ್ನಕ್ಕೆ ಮುಗೀತಿತ್ತು ಕಣೇ.”

“ಅದಕ್ಕೆ ನೀನೇನು ಮಾಡೋಕಾಗತ್ತೆ?”

ಅಮ್ಮ ಒದ್ದೆ ಕೈಗಳನ್ನೇ ನೋಡಿಕೊಂಡಳು. “ಗೋಡೆ ಮೇಲೆ ಹಾಳೆ ಇರ್ತಿತ್ತಲ್ಲ, ಯಾರು ಎಷ್ಟೊತ್ತಿಗೆ ಕೈ ತೊಳೆದ್ರು ಅಂತ? ಖಾಲಿ ಬಿಟ್ರೆ ಮೇಲಿನವರು ಕೇಳ್ತಾರೆ, ಗುರುತು ಹಾಕಿಬಿಡು ಅಂದ್ರು ದೊಡ್ಡ ಸಿಸ್ಟರು. ಹನ್ನೊಂದು ದಿನವೂ ನಾನೇ ಹಾಕ್ದೆ, ಎಲ್ಲರೂ ತೊಳೆದಿದ್ದಾರೆ ಅಂತ. ಕೂಸುಗಳು ಹೋದ ಮೇಲೆ ಅದೇ ಹಾಳೆ ನನ್ನ ಮುಂದಿಟ್ರು. ಎಲ್ಲರ ಕೈಯೂ ಶುದ್ಧ ಅಂತ ನೀನೇ ಬರೆದಿದ್ದೀಯ, ಮತ್ತೆ ಉಳಿದ ಕೈ ಯಾರದು, ಅಂದ್ರು.” ಅವಳ ದನಿ ಇಳಿಯಿತು. “ಖಾಲಿ ಬಿಟ್ಟಿದ್ರೆ ಯಾರಾದ್ರೂ ಕೇಳ್ತಿದ್ರು. ನೀರು ಬರ್ತಿತ್ತು.”

ಮತ್ತೆ ನಲ್ಲಿ ತಿರುಗಿಸಿದಳು.

*

ದೊಡ್ಡ ಸಿಸ್ಟರು ಹೂವು ಹಿಡಿದು ಬಂದರು. “ಒಳ್ಳೇ ಜೀವ,” ಎಂದು ಹೆಣದ ಕಾಲ ಬಳಿ ಹೂವಿಟ್ಟರು. ಆಮೇಲೆ ಕೈತೊಳೆಯಲು ಬಚ್ಚಲಿಗೆ ಹೊರಟ ಮಗಳ ಹಿಂದೆಯೇ ಹೋದರು. ಅಮ್ಮನನ್ನು ಹೊರಗೆ ಹಾಕಿದ ವಾರ್ಡಿನಲ್ಲೇ ಈಗ ಮಗಳೂ ಆಯಾ. ಬೇರೆಲ್ಲೂ ಕೆಲಸ ಹುಟ್ಟಿರಲಿಲ್ಲ.

“ಇವತ್ತು ಕೇಳಬಾರದು, ಆದ್ರೂ ಬೇರೆ ದಾರಿ ಇಲ್ಲ,” ಎಂದು ಸಿಸ್ಟರು ಚೀಲದಿಂದ ಮಡಿಸಿದ ಹಾಳೆ ತೆಗೆದರು. “ನಾಳೆ ಬೆಳಗ್ಗೆ ತಪಾಸಣೆಗೆ ಬರ್ತಾರೆ. ನಿನ್ನ ಪಾಳಿಯದು ಮೂರು ದಿನ ಖಾಲಿ ಇದೆ.”

“ಮೂರು ದಿನದಿಂದ ನೀರೇ ಇಲ್ವಲ್ಲ ಸಿಸ್ಟರ್.”

“ನಂಗೊತ್ತಿಲ್ವಾ? ಪಂಪ್ ರಿಪೇರಿಗೆ ಹೇಳಿದೀನಿ. ನೀನು ಗುರುತು ಹಾಕು, ಸಾಕು. ಕೆಲಸ ಕಾಯಂ ಮಾಡೋ ಪಟ್ಟಿ ನನ್ನ ಮೂಲಕವೇ ಹೋಗೋದು, ಮರೀಬೇಡ.”

“ವಾರ್ಡಲ್ಲಿ ಈಗ ಎಷ್ಟು ಕೂಸು?”

“ಒಂಬತ್ತು. ಯಾಕೆ?”

ಮಗಳು ಸೋಪು ಎತ್ತಿಕೊಂಡಳು. ಅಮ್ಮನ ಹೆಬ್ಬೆರಳ ಗುಳಿ ಅದರಲ್ಲಿ ಹಾಗೇ ಇತ್ತು. ಅವಳ ಬೆರಳು ತಾನಾಗಿ ಆ ಗುಳಿಯಲ್ಲಿ ಕೂತಿತು.

“ಬೇಗ ತೊಳ್ಕೊಂಡು ಕೈ ಒರೆಸ್ಕೋ. ಅಮ್ಮನ್ನ ಒಯ್ಯೋ ಗಾಡಿ ಹೊರಗೆ ಕಾಯ್ತಿದೆ.” ಸಿಸ್ಟರು ಪೆನ್ನು ಚಾಚಿದರು.

“ಹಾಕಲ್ಲ.”

“ಏನಂದೆ?”

ಮಗಳು ನಲ್ಲಿ ತಿರುಗಿಸಿದಳು. ಒಂದು, ಎರಡು, ಮೂರು, ನಾಲ್ಕು. ಅಲ್ಲಿಗೆ ಎಣಿಕೆ ನಿಂತಿತು. ಎಣಿಸುತ್ತಿದ್ದುದು ತಾನೋ ಅಮ್ಮನೋ ತಿಳಿಯಲಿಲ್ಲ. ಹೊರಗೆ ಗಾಡಿಯವನು ಹಾರ್ನ್ ಒತ್ತಿದ. ಚಾಚಿದ ಪೆನ್ನು ಹಾಗೆಯೇ ಇತ್ತು.

“ಐದು,” ಎಂದಳು ಮಗಳು, ಬೆರಳ ಸಂದಿಗೆ ಬೆರಳು ಹಾಕಿ ಉಜ್ಜುತ್ತಾ. “ಆರು.”