ಕಮ್ಮಾರ ಬಚ್ಚಿಟ್ಟ ಹೂಜಿ

ನನ್ನ ತಮ್ಮ ಕಮ್ಮಾರ. ಕೈ ಚುರುಕು, ಬಾಯಿ ಇನ್ನೂ ಚುರುಕು. ಅವನ ಹೆಂಡತಿಗೆ ಗರ್ಭಕೋಶದ ಬಾಯಿಯಲ್ಲಿ ಕ್ಯಾನ್ಸರ್ ಅಂತ ತಿಳಿದು ಚಿಕಿತ್ಸೆ ಶುರುವಾಯಿತು.

ಅವಳು ಆಸ್ಪತ್ರೆಯಲ್ಲಿ ಅದರ ಔಷಧಿಯ ಡ್ರಿಪ್ ಹಾಕಿಸಿಕೊಂಡು ಬಂದಿದ್ದಳು. ನೋಡಲು ಹೋದೆ. ತುಟಿ ಒಣಗಿ ಬಿರಿದಿತ್ತು. ತಲೆದೆಸೆಯಲ್ಲಿ ಇರಬೇಕಾದ ನೀರಿನ ಹೂಜಿ ಕುಲುಮೆಯ ಹಿಂದೆ, ಇದ್ದಿಲ ಮೂಟೆಯ ಮರೆಯಲ್ಲಿತ್ತು.

"ಇದ್ಯಾಕೋ ಇಲ್ಲಿ?"

"ಆ ಔಷಧಿಯಲ್ಲಿ ಲೋಹ ಇದೆಯಂತೆ ಅಕ್ಕ, ಪ್ಲಾಟಿನಂ. ಲೋಹಕ್ಕೆ ನೀರು ತಾಗಿದ್ರೆ ತುಕ್ಕು. ಕಮ್ಮಾರನಿಗೇ ಕಬ್ಬಿಣದ ಪಾಠ ಹೇಳ್ತೀಯಾ?"

"ಬಂದಾಗಿನಿಂದ ಗುಟುಕು ಗುಟುಕೇ ಕೊಡ್ತಿದಾರೆ ಅತ್ತಿಗೆ," ಅಂದಳು ನಾದಿನಿ. "ಮೂತ್ರವೂ ಕಮ್ಮಿಯಾಗಿದೆ. ಮುಂದಿನ ಡ್ರಿಪ್ ಬೇಡವೇ ಬೇಡ ಅಂತಿದಾರೆ."

ನಾನು ಓದಿದವಳಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದವರ ಹತ್ತಿರ ಕೇಳಬೇಕು ಅನ್ನುವಷ್ಟು ಗೊತ್ತು. ಆಗಲೇ ಇಬ್ಬರನ್ನೂ ಎಬ್ಬಿಸಿಕೊಂಡು ಆಸ್ಪತ್ರೆಗೆ ಹೊರಟೆ.

ಅಲ್ಲಿ ರಕ್ತ ಪರೀಕ್ಷೆ ಮಾಡಿ ಸಲೈನ್ ಹಾಕಿದರು. "ಮೂತ್ರಪಿಂಡ ಕೆಡೋ ಮೊದಲೇ ಬಂದ್ರಿ," ಅಂದರು ನರ್ಸಮ್ಮ. ತಮ್ಮನ ಕಡೆ ತಿರುಗಿದರು. "ನೀರು ಚೆನ್ನಾಗಿ ಕುಡಿಸಿ ಅಂದಿದ್ದೆನಲ್ಲಣ್ಣ?"

"ಸುಮ್ನೆ ಬಾಯಿಮಾತಿಗೆ ಅಂದ್ರಿ ಅಂದ್ಕೊಂಡೆ. ಔಷಧಿಯಲ್ಲಿರೋ ಲೋಹಕ್ಕೆ ನೀರು ತಾಗಿದ್ರೆ ತುಕ್ಕು ಹಿಡಿಯಲ್ವಾ?"

"ಪ್ಲಾಟಿನಂ ತುಕ್ಕು ಹಿಡಿಯೋ ಜಾತಿಯಲ್ಲ. ಕ್ಯಾನ್ಸರ್ ಜೀವಕೋಶದ ಒಳಗೆ ಹೊಕ್ಕು ಅದು ಬೆಳೆಯದ ಹಾಗೆ ಗಂಟು ಹಾಕುತ್ತೆ. ಮಿಕ್ಕಿದ್ದು ಮೂತ್ರದಲ್ಲಿ ಹೊರಗೆ ಹೋಗಬೇಕು. ನೀರಿಲ್ಲದಿದ್ರೆ ಹೇಗೆ ಹೋಗುತ್ತೆ?"

"ಒಳ್ಳೇ ಜೀವಕೋಶಕ್ಕೂ ಏಟು ಬೀಳುತ್ತಲ್ಲ?" ಅಂದ ತಮ್ಮ.

"ಬೀಳುತ್ತೆ, ಸುಳ್ಳು ಹೇಳಲ್ಲ. ವಾಂತಿ, ಸುಸ್ತು ಅದಕ್ಕೇ. ಕೊಡಲಿಗೆ ಮರದ ಕಾವು ಯಾಕೆ ಹಾಕ್ತೀರಿ ಹೇಳಿ?"

"ಬರೀ ಅಲಗು ಹಿಡಿದ್ರೆ ಕೈನೇ ಕೊಯ್ಯುತ್ತೆ. ಕಾವಿದ್ರೆ ಏಟು ಬೇಕಾದ ಕಡೆ ಬೀಳುತ್ತೆ."

"ಹಾಗೇ ಲೋಹಕ್ಕೆ ಇನ್ನೊಂದು ಔಷಧಿ ಬೆಸೆದು, ಏಟು ಗಡ್ಡೆ ಮೇಲೇ ಬೀಳೋ ಜೋಡಿ ಔಷಧಿ ರೂಪಿಸೋಕೆ ವಿಜ್ಞಾನಿಗಳು ಪಟ್ಟು ಹಿಡಿದು ಕೂತಿದಾರೆ. ಹೆಚ್ಚಿನವು ಇನ್ನೂ ಪರೀಕ್ಷೆಯಲ್ಲಿವೆ. ಅದು ಬರಲಿ ಅಂತ ಈಗಿರೋದನ್ನ ಬಿಡಬೇಡಿ."

ತಮ್ಮ ತಲೆ ತಗ್ಗಿಸಿದ. ನಾದಿನಿ ಎದ್ದು ಕೂತಳು. "ಮುಂದಿನ ಡ್ರಿಪ್ಪಿಗೆ ನಾನಂತೂ ಬರೋದೇ. ನೀವು ಬರೋದಾದ್ರೆ ಹೂಜಿ ಹೊತ್ಕೊಂಡು ಬನ್ನಿ."

ಹೊತ್ತುಕೊಂಡೇ ಬಂದ.

ನಿಮ್ಮ ಮನೆಯಲ್ಲೂ ಇಂಥ ಚಿಕಿತ್ಸೆ ನಡೆಯುತ್ತಿದ್ದರೆ, ನಿಮ್ಮ ಕಸುಬಿನ ಬುದ್ಧಿಯನ್ನು ರೋಗಿಯ ಮೈಮೇಲೆ ಓಡಿಸಬೇಡಿ. ಎಷ್ಟು ನೀರು, ಯಾವ ಊಟ ಅಂತ ಡಾಕ್ಟರನ್ನು ಬಾಯಿಬಿಟ್ಟು ಕೇಳಿ. ಮೂತ್ರ ಕಮ್ಮಿಯಾದರೆ, ವಾಂತಿ ನಿಲ್ಲದಿದ್ದರೆ ಆಗಲೇ ಹೊರಡಿ. ಈಗ ಎದ್ದು ರೋಗಿಯ ತಲೆದೆಸೆ ನೋಡಿ ಬನ್ನಿ. ಹೂಜಿ ಅಲ್ಲಿದೆಯಾ?